ಬನ್ನಿ ದಿನ ಕೊಟ್ಟ ಮರಿ

ಹುಬ್ಬಳ್ಳಿಯ ಜನ ಒಬ್ಬರನ್ನೊಬ್ಬರು ಕಂಡಾಗ ‘ಊಟ ಆತೇನ್ರಿ?’ ಎಂದು ಕೇಳುವುದನ್ನು ಬಿಟ್ಟೇ ಬಿಟ್ಟಿದ್ದರು. ‘ಏನ್ ಹಿಡದ್ರಿ?’ ಎಂದು ಕೇಳುತ್ತಿದ್ದರು. ದುರ್ಗದ ಬೈಲಿನಲ್ಲಿ ಮಿರ್ಚಿ ಕರಿಯುವವನು ಒಂದು ಕೈಯಲ್ಲಿ ಝಾರಿ, ಇನ್ನೊಂದು ಕೈಯಲ್ಲಿ ಜೋಳಿಗೆ ಹಿಡಿದು ನಿಂತಿರುತ್ತಿದ್ದ. ಸಾವಿನ ಮನೆಯಲ್ಲಿ ಹೆಣದ ಸುತ್ತ ಕುಳಿತ ಹೆಂಗಸರ ಹೆಬ್ಬೆರಳುಗಳು ಸೆರಗಿನ ಮರೆಯಲ್ಲಿ ಆಡುತ್ತಲೇ ಇರುತ್ತಿದ್ದವು. ಭಜನೆಗೆ ಬಂದ ಮುದುಕನೊಬ್ಬ ಒಮ್ಮೆ ತಾಳ ಕೆಳಗಿಟ್ಟು, “ಯವ್ವಾ, ಒಬ್ಬರರೆ ಅಳ್ರೀ. ನಮಗ ಹಾಡಾಕ ಹುರುಪs ಬರವಲ್ದು” ಎಂದು ಬೇಡಿಕೊಂಡನಂತೆ. ಯಾರೂ ಅಳಲಿಲ್ಲ. ಪಾಪ, ಮುದುಕ ಚಹಾ ಕುಡಿದು ಮನೆಗೆ ಹೋದ.

ಜೋಳಿಗೆ ಎಂದರೆ ಒಂದು ಆಟದ ಡಬ್ಬಿ, ಅಂಗೈಯಲ್ಲಿ ಕೂರುವಷ್ಟೇ ದೊಡ್ಡದು. ಪರದೆಯೊಳಗೆ ಒಂದು ಪುಟ್ಟ ನಾಡು. ಆಡುವವರು ಹೆಗಲಿಗೊಂದು ಚೀಲ ಹಾಕಿಕೊಂಡು ಅಲ್ಲಿ ಹೊರಡಬೇಕು. ಹುಲ್ಲು ಆಳೆತ್ತರ ಬೆಳೆದ ಕಡೆ ಕಾಲಿಟ್ಟರೆ ಏನಾದರೊಂದು ಪ್ರಾಣಿ ಛಂಗನೆ ಎದುರಿಗೆ ಜಿಗಿಯುತ್ತದೆ. ಮೂರು ಕಿವಿಯ ಮೊಲ, ಕಲ್ಲುಬೆನ್ನಿನ ಕಪ್ಪೆ, ಹೊಗೆ ಉಗುಳುವ ಗುಬ್ಬಿ, ಹೀಗೆ. ಅದನ್ನು ದಣಿಸಿ, ಪುಸಲಾಯಿಸಿ ಚೀಲಕ್ಕೆ ಹಾಕಿಕೊಂಡರೆ ಅದು ನಿಮ್ಮ ‘ಮರಿ’. ಉಣಿಸಿ, ಕಾದಾಡಲು ಕಲಿಸಿದರೆ ಬೆಳೆಯುತ್ತದೆ, ಒಂದು ದಿನ ಮೈ ಕೊಡವಿ ಬೇರೆಯದೇ ರೂಪ ತಾಳುತ್ತದೆ. ನಿಮ್ಮಲ್ಲಿಲ್ಲದ ಮರಿ ಬೇಕೆಂದರೆ ಇನ್ನೊಬ್ಬರಿಗೆ ನಿಮ್ಮದೊಂದನ್ನು ಕೊಟ್ಟು ತೆಗೆದುಕೊಳ್ಳಬೇಕು. ಇಷ್ಟೇ. ಇದರಲ್ಲೇನಿದೆ ಮಣ್ಣು ಎನ್ನುವವರು ಒಂದು ವಾರ ಆಡಿ ನೋಡಲಿ. ನಮ್ಮ ಕೈಯಿಂದಲೇ ಬೆಳೆದು, ನಮ್ಮನ್ನೇ ನಂಬಿಕೊಂಡು, ಕರೆದ ಕಡೆಗೆಲ್ಲ ಕಿಸೆಯೊಳಗೆ ಕುಳಿತು ಬರುವಂಥದ್ದು ಈ ಜಗತ್ತಿನಲ್ಲಿ ಎಷ್ಟಿದೆ? ಗಂಡನೂ ಬರುವುದಿಲ್ಲ, ಮಕ್ಕಳೂ ಬರುವುದಿಲ್ಲ. ಮರಿ ಬರುತ್ತದೆ.

ನೀಲಾಂಬಿಕೆಗೆ ಈ ಆಟದ ರುಚಿ ಹತ್ತಿಸಿದವಳು ಅವಳ ಮಗಳು ಮಂಜರಿ. ಹಿಡಿದ ಮರಿಗಳಿಗೆಲ್ಲ ಆ ಹುಡುಗಿ ತಿಂಡಿಯ ಹೆಸರಿಡುತ್ತಿದ್ದಳು. ಕಲ್ಲುಗಪ್ಪೆ ಗಿರ್ಮಿಟ್, ಹೊಗೆಗುಬ್ಬಿ ಮಿರ್ಚಿ. ಉಣಕಲ್ ಕೆರೆಯ ದಂಡೆಯ ಮೇಲೆ ತಾಯಿ ಮಗಳು ಒಂದೇ ಡಬ್ಬಿಗೆ ತಲೆಗೆ ತಲೆ ಕೊಟ್ಟು ಕುಳಿತಿರುತ್ತಿದ್ದರು. ಕತ್ತಲಾಗುವ ಹೊತ್ತಿಗೆ ಮಂಜರಿ, “ಅವ್ವಾ, ಗಿರ್ಮಿಟ್‌ಗ ಹಸಿವಿ ಆಗೇತಿ, ಮನಿಗಿ ನಡಿ” ಎನ್ನುತ್ತಿದ್ದಳು. ತನ್ನ ಹಸಿವನ್ನು ಕಪ್ಪೆಯ ಹೆಸರಿಗೆ ಬರೆಯುವ ಚಾಲಾಕಿ. ಆರು ವರ್ಷ ತುಂಬಿದ ಮಳೆಗಾಲದಲ್ಲಿ ಡೆಂಗಿ ಜ್ವರ ಬಂದು ಅವಳು ಹೋಗಿಬಿಟ್ಟಳು.

ಅದಾದ ಮೇಲೆಯೇ ಹೊಸ ಜೋಳಿಗೆ ಬಂದದ್ದು. ಅದರ ಬೆನ್ನಿಗೆ ಒಂದು ತೆಳು ತಗಡು. ತಗಡು ಅಂಗೈಯ ಬೆವರನ್ನು, ನಾಡಿಯನ್ನು, ನಡುಕವನ್ನು ಓದುತ್ತದೆ. ಒಳಗೆ ಸಂಕಟ ಎದ್ದ ಕೂಡಲೇ ಪರದೆಯ ಹುಲ್ಲಿನಲ್ಲಿ ಅದೇ ಏರಿಳಿತದ ಹೊಸ ಪ್ರಾಣಿಯೊಂದು ಹುಟ್ಟುತ್ತದೆ. ನೆನಪು ಎನ್ನುವುದು ಪ್ರತಿ ಸಲ ಕೆದಕಿದಾಗಲೂ ಬೆಲ್ಲದ ಪಾಕದಂತೆ ಒಂದು ಗಳಿಗೆ ಮೆತ್ತಗಾಗಿ ಮತ್ತೆ ಗಟ್ಟಿಯಾಗುತ್ತದಂತೆ. ಆ ಮೆತ್ತಗಿನ ಗಳಿಗೆಯಲ್ಲಿ ಕಣ್ಣು, ಬೆರಳು, ಮನಸ್ಸು ಮೂರೂ ಬೇಟೆಗೆ ಬಿದ್ದರೆ, ನೆನಪು ಗಟ್ಟಿಯಾಗುವಾಗ ತನ್ನ ಕುಟುಕನ್ನು ಹೊರಗೇ ಬಿಡುತ್ತದೆ. ನೆನಪು ತಲೆಯಲ್ಲಿ, ಕುಟುಕು ಚೀಲದಲ್ಲಿ. ಯಾವತ್ತಾದರೂ ಬೇಕೆನಿಸಿದರೆ ಮರಿಯನ್ನು ಬಿಡಬಹುದು. ತಗಡು ಗುಂಯ್‌ಗುಟ್ಟಿ ಕುಟುಕನ್ನು ಅದೇ ಅಂಗೈಗೆ ಹಿಂತಿರುಗಿಸುತ್ತದೆ. ಆದರೆ ಬೇಕೆಂದು ಯಾರಿಗೂ ಅನಿಸುತ್ತಿರಲಿಲ್ಲ, ಯಾಕೆಂದರೆ ಅನಿಸಬೇಕಾದದ್ದೇ ಚೀಲದೊಳಗೆ ಕುಳಿತಿರುತ್ತಿತ್ತಲ್ಲ.

ನೀಲಾಂಬಿಕೆ ಗೋಕುಲ ರಸ್ತೆಯಲ್ಲಿದ್ದ ಜೋಳಿಗೆ ಕಂಪನಿಯ ನಿಗಾ ಕೋಣೆಯಲ್ಲಿ ಕೆಲಸಕ್ಕಿದ್ದಳು. ಊರಿನ ಮರಿಗಳೆಲ್ಲ ಅಲ್ಲಿನ ಗೋಡೆಯ ಮೇಲೆ ದೀಪದ ಚುಕ್ಕಿಗಳಾಗಿ ಓಡಾಡುತ್ತಿದ್ದವು. ಹೊಸ ಡಬ್ಬಿ ಮೊದಲು ಕೈಗೆ ಬಂದದ್ದು ಅಲ್ಲಿನವರಿಗೇ. ಮಗಳು ಹೋದ ನಾಲ್ಕನೆಯ ತಿಂಗಳು ನೀಲಾಂಬಿಕೆ ಕುರ್ಚಿಯಲ್ಲಿ ಕುಳಿತೇ ತನ್ನದನ್ನು ಹಿಡಿದಳು. ಗೂಬೆಯ ಮುಖದ, ಸದಾ ಒದ್ದೆ ಮೈಯ ಒಂದು ಕರು. ಹೆಸರೇನಿಡಲಿ ಎಂದು ಆಟ ಕೇಳಿತು. ಅವಳಿಗೆ ಏನೂ ಹೊಳೆಯಲಿಲ್ಲ. ಅಂದಿನಿಂದ ಮಂಜರಿಯ ಎಲ್ಲವೂ ಅವಳಿಗೆ ನೆನಪಿತ್ತು, ಬಸ್ಸಿನ ಹೊತ್ತು ನೆನಪಿರುವ ಹಾಗೆ.

ಗಂಡ ಅಡಿವೆಪ್ಪ ರೈಲ್ವೆ ಕಾರ್ಖಾನೆಯಲ್ಲಿ ವೆಲ್ಡರ್. ಅವನೂ ಡಬ್ಬಿ ಹಿಡಿದು ನೋಡಿದ. ಕಿಡಿ ಸಿಡಿದು ಸಿಡಿದು ಅವನ ಅಂಗೈ ಎತ್ತಿನ ಗೊರಸಿನಂತೆ ಕಟ್ಟಿಹೋಗಿತ್ತು. ತಗಡು ಎಷ್ಟು ತಡಕಿದರೂ ‘ಅಂಗೈ ಸಿಗುತ್ತಿಲ್ಲ’ ಎಂದೇ ಬರೆಯಿತು. “ನನ್ನ ಕೈಯ್ಯೂ ಒಂದು ತಗಡs ಅಂತ ತಿಳಕೊಂಡೈತಿ ಬಿಡು” ಎಂದು ನಕ್ಕು ಡಬ್ಬಿಯನ್ನು ಗೋಡೆಯ ಮಾಡದಲ್ಲಿಟ್ಟ. ಹೀಗಾಗಿ ಆ ಮನೆಯಲ್ಲಿ ದುಃಖ ಉಳಿದದ್ದು ಅವನೊಬ್ಬನ ಪಾಲಿಗೆ. ಊಟಕ್ಕೆ ಕುಳಿತಾಗ, “ಮಂಜಿ ಇದ್ದಿದ್ರ ಈ ವರ್ಷ ಸಾಲ್ಯಾಗ ಎರಡನೇ ಇಯತ್ತೆ” ಎನ್ನುತ್ತಿದ್ದ. ನೀಲಾಂಬಿಕೆ “ಹೂಂ” ಎನ್ನುತ್ತಿದ್ದಳು. ಗ್ಯಾಸಿನವನಿಗೆ ಹೇಳುವ ಹೂಂ ಅದು. ಅಡಿವೆಪ್ಪನಿಗೆ ಮಗಳು ಹೋದದ್ದಕ್ಕಿಂತ ಆ ಹೂಂ ಹೆಚ್ಚು ನೋಯುತ್ತಿತ್ತು. ಎತ್ತಿದ ತುತ್ತನ್ನು ತಟ್ಟೆಗೇ ವಾಪಸ್ ಇಡುತ್ತಿದ್ದ. ಅವಳಿಗೆ ಅದು ಕಾಣುತ್ತಿತ್ತು, ಕಂಡು ಸುಮ್ಮನೆ ಇನ್ನೊಂದು ರೊಟ್ಟಿ ಬಡಿಸುತ್ತಿದ್ದಳು.

ದಸರೆ ಹತ್ತಿರ ಬಂತು. ನಿಗಾ ಕೋಣೆಯ ಮುಖ್ಯಸ್ಥೆ ಡಾ. ಇಂದುಮತಿ ಸವದತ್ತಿ ಎಲ್ಲರನ್ನೂ ಕೂರಿಸಿಕೊಂಡು, “ಬನ್ನಿ ಹಬ್ಬಕ್ಕ ಎಲ್ಲಾ ಮರಿ ಬದಲಿ ಮಾಡಿಕೊಳ್ಳಲಿಕ್ಕೆ ಬಿಡೋಣೇನು? ಆದರ ಸಂಕಟದಿಂದ ಹುಟ್ಟಿದ ತಗಡಿನ ಮರಿ ಕೈ ಬದಲಾಗಬಾರದು ಅಂತ ಕೀಲಿ ಹಾಕೇವಿ. ಅದರದೇನು ಮಾಡೋದು?” ಎಂದು ಕೇಳಿದಳು.

ಬನ್ನಿ ಎಂದರೆ ಗೊತ್ತಲ್ಲ. ವಿಜಯದಶಮಿಯ ಸಂಜೆ ಬನ್ನಿ ಎಲೆ ಕೊಟ್ಟು, ತೆಗೆದುಕೊಂಡು, ಕಾಲಿಗೆ ಬಿದ್ದು, ಅಪ್ಪಿಕೊಂಡು ಹಳೆಯದನ್ನೆಲ್ಲ ಮರೆಯುವ ದಿನ. ಬೇರೆ ದೇಶದವರು ಆ ಕೋಣೆಯಲ್ಲಿದ್ದಿದ್ದರೆ ಕೀಲಿ ಇರಲಿ ಎನ್ನುತ್ತಿದ್ದರೇನೋ. ಅಲ್ಲಿದ್ದವರೆಲ್ಲ ಇಲ್ಲಿಯವರೇ. ನೀಲಾಂಬಿಕೆಯೇ ಬಾಯಿ ತೆರೆದಳು. “ಬನ್ನಿ ಕೊಡೂ ದಿನ ಕೀಲಿ ಹಾಕ್ಕೊಂಡು ಕುಂದ್ರೂದು ಛಂದ ಕಾಣೂದಿಲ್ರಿ ಮೇಡಂ. ವೈರಿ ಬಂದ್ರೂ ಇಲ್ಲ ಅನ್ನಂಗಿಲ್ಲ ಅವತ್ತ.” ಹೌದೌದು ಎಂದು ಎಲ್ಲರೂ ತಲೆಯಾಡಿಸಿದರು. ಇನ್ನೊಬ್ಬರ ಕುಟುಕು ಕೈಗೆ ಬಂದರೆ ಬರೀ ಗುಂಯ್ ಅನಿಸೀತು, ಅಷ್ಟೇ ತಾನೆ ಎಂದುಕೊಂಡರು. ಕೀಲಿ ತೆಗೆದರು.

ಹಬ್ಬದ ಸಂಜೆ ಅಡಿವೆಪ್ಪ ಹೊಸ ಅಂಗಿ ಹಾಕಿಕೊಂಡು ಮಾಡದಲ್ಲಿದ್ದ ಡಬ್ಬಿಯನ್ನು ಒರೆಸಿ ತಂದ. ಹೆಂಡತಿಯ ಜೊತೆ ಆಡಲು ಏನಾದರೊಂದು ಸಿಕ್ಕಿತಲ್ಲ ಎಂಬ ಆಸೆ ಅವನಿಗೆ. “ಬನ್ನಿ ತಗೊಂಡು ಬಂಗಾರದಂಗ ಇರೋಣು” ಎಂದು ಎಲೆ ಕೊಟ್ಟ, ಜೊತೆಗೆ ತನ್ನ ಚೀಲದಲ್ಲಿದ್ದ ಒಂದೇ ಒಂದು ಮಾಮೂಲಿ ಗುಬ್ಬಿಯನ್ನು ಕೊಟ್ಟ. ನೀಲಾಂಬಿಕೆ ಅವನ ಕಾಲಿಗೆ ಬಿದ್ದೆದ್ದಳು. ಗಂಡನಿಗೆ ಹಬ್ಬದ ದಿನ ಸಣ್ಣಪುಟ್ಟದ್ದು ಕೊಡಬಾರದು, ಇದ್ದುದರಲ್ಲಿ ಛಲೋದನ್ನು ಕೊಡಬೇಕು. ಚೀಲದ ಮೇಲ್ಗಡೆ ಕಂಡದ್ದು ಉಂಡು ಉಂಡು ದೊಡ್ಡದಾದ ಆ ಒದ್ದೆ ಕರು. ಹಣ್ಣಿನ ಬುಟ್ಟಿಯಿಂದ ಕಳಿತ ಬಾಳೆಹಣ್ಣು ತೆಗೆದುಕೊಟ್ಟಂತೆ ಕೊಟ್ಟಳು. ಕೊಡುವಾಗ ಅವಳಿಗೆ ಏನೂ ಅನಿಸಲಿಲ್ಲ.

ಅಡಿವೆಪ್ಪ ಅದನ್ನು ಕಿಸೆಯಲ್ಲಿ ಹಾಕಿಕೊಂಡೇ ಕಾರ್ಖಾನೆಗೆ ಹೋಗತೊಡಗಿದ. ಚಹಾದ ಹೊತ್ತಿಗೆ ತೆಗೆದು ಹುಲ್ಲು ತಿನ್ನಿಸುತ್ತಿದ್ದ. ಹೆಂಡತಿ ಕೊಟ್ಟದ್ದು ಎಂಬ ಪ್ರೀತಿ. ಕರು ಅವನ ಕೈಯಲ್ಲಿ ಗುಂಯ್‌ಗುಟ್ಟುತ್ತಿತ್ತು. ದೀಪಾವಳಿ ಮುಗಿಯುವ ಹೊತ್ತಿಗೆ ಅವನ ಗಲ್ಲ ಒಳಗೆ ಹೋಗಿತ್ತು. ಎರಡು ರೊಟ್ಟಿಗೆ ಕೈ ತೊಳೆಯುತ್ತಿದ್ದ. ಮೈಯಲ್ಲಿ ಹುಷಾರಿಲ್ಲವೇ ಎಂದರೆ ಏನೂ ಆಗಿಲ್ಲ ಎನ್ನುತ್ತಿದ್ದ.

ಒಂದು ರವಿವಾರ ನೀಲಾಂಬಿಕೆ ಬಟ್ಟೆ ಒಣಹಾಕಿ ಒಳಗೆ ಬಂದಳು. ಅಡಿವೆಪ್ಪ ಬಚ್ಚಲಿನ ಗೋಡೆಗೆ ಮುಖ ಮಾಡಿ ನಿಂತಿದ್ದ. ಟವೆಲ್ಲಿನ ಅಂಚನ್ನು ಮುದ್ದೆ ಮಾಡಿ ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದ. ಹೆಗಲು ಕುಣಿಯುತ್ತಿತ್ತು, ದನಿ ಮಾತ್ರ ಹೊರಗೆ ಬರುತ್ತಿರಲಿಲ್ಲ. ಅವನು ಹಾಗೆ ಅಳುವ ಮನುಷ್ಯನಲ್ಲ. ಅವನದು ಬಾಯಿಬಿಟ್ಟು ಅಳುವ ಅಳು, ಇಡೀ ಓಣಿಗೆ ಕೇಳುವಂಥದ್ದು. ಬಟ್ಟೆ ಕಚ್ಚಿ ಅಳುತ್ತಿದ್ದವಳು ಅವಳು. ಪಕ್ಕದಲ್ಲಿ ಮಲಗಿದ ಗಂಡನಿಗೆ ಕೇಳಿಸಬಾರದೆಂದು, ಕರುವನ್ನು ಹಿಡಿಯುವ ಮುಂಚಿನ ಆ ನಾಲ್ಕು ತಿಂಗಳು ಅದೇ ಬಚ್ಚಲಿನಲ್ಲಿ ಸೆರಗು ಕಚ್ಚಿ ನಿಂತಿರುತ್ತಿದ್ದಳು. ಅದನ್ನು ಯಾರಿಗೂ ಹೇಳಿರಲಿಲ್ಲ. ಈಗ ಅದು ಅವನ ಮೈಯಲ್ಲಿ ಬಂದು ನಿಂತಿದೆ ಎಂಬುದು ನೀಲಾಂಬಿಕೆಗೆ ಲೆಕ್ಕ ತಾಳೆಯಾದಂತೆ ತಿಳಿಯಿತು. ತಿಳಿದದ್ದಷ್ಟೇ. ಬಕೆಟ್ಟನ್ನು ಕೆಳಗಿಟ್ಟಳು.

ನಿಗಾ ಕೋಣೆಯಲ್ಲೂ ಅಷ್ಟರಲ್ಲಿ ಗದ್ದಲ ಶುರುವಾಗಿತ್ತು. ಕೇಶ್ವಾಪುರದಲ್ಲಿ ಒಬ್ಬ ಮದುಮಗ ಅರಿಷಿಣ ಹಚ್ಚಿಸಿಕೊಳ್ಳುತ್ತ ಕುಳಿತವನು ಯಾರದೋ ಸತ್ತ ತಂದೆಗಾಗಿ ಬಿಕ್ಕಿ ಬಿಕ್ಕಿ ಅತ್ತಿದ್ದ. ಅವನ ತಂದೆ ಪಕ್ಕದಲ್ಲೇ ಕುಳಿತು, “ಲೇ, ನಾ ಇಲ್ಲೇ ಅದೀನೋ!” ಎಂದು ಕೂಗುತ್ತಿದ್ದನಂತೆ. ಚೆನ್ನಮ್ಮ ವೃತ್ತದಲ್ಲಿ ಪೊಲೀಸನೊಬ್ಬ ಬೇರೆಯವರ ಪರೀಕ್ಷೆಯ ಭಯಕ್ಕೆ ನಡುಗಿ ಸೀಟಿ ಊದುವುದನ್ನೇ ಮರೆತಿದ್ದ.

“ಎಡವಟ್ಟಾತು” ಎಂದಳು ಡಾ. ಇಂದುಮತಿ, ಹಣೆ ಹಿಡಿದುಕೊಂಡು. “ಕೈ ಓದಲಿಕ್ಕೆ ತೊಗಲು ಬೇಕು, ಖರೆ. ಆದರ ಕುಟುಕು ಒಳಗ ಹೋಗಲಿಕ್ಕೆ ತೊಗಲು ಬೇಡ, ಎಲುಬು ಸಾಕು. ದಿನಾ ಗುಂಯ್ ಅಂದು ಅಂದು ಎಲುಬು ಕಲಿತುಬಿಟ್ಟದ. ನಾಳೆ ಮುಂಜಾನೆ ಬದಲಿ ಆದ ತಗಡಿನ ಮರಿ ಎಲ್ಲಾ ಅಳಿಸಿಬಿಡೋಣ. ಅಷ್ಟರೊಳಗ ಯಾರಿಗೆ ತಮ್ಮದು ಬೇಕೋ ಅವರು ವಾಪಸ್ ತೊಗೊಳ್ಳಲಿ.”

ಊರಿಗೆಲ್ಲ ಸುದ್ದಿ ಹೋಯಿತು. ಜನ ಏನು ಹೇಳಿದರೆಂದು ಊಹಿಸುವುದು ಕಷ್ಟವಲ್ಲ. “ಯಾರಿಗ್ ಬೇಕ್ರಿ, ಅಳಿಸಿ ಒಗೀರಿ” ಎಂದರು. ಅಳಿಸಿದ ಮೇಲೆ ಮತ್ತೆ ಯಾವತ್ತೂ ಸಿಗದು ಎಂದರೂ, ಬ್ಯಾಡ್ರಿ ಎಂದರು.

“ನಿಮ್ಮದು?” ಎಂದು ಇಂದುಮತಿ ನೀಲಾಂಬಿಕೆಯನ್ನು ಕೇಳಿದಳು.

“ನಮ್ಮ ಮನಿಯವರ ಹತ್ರ ಐತ್ರಿ.”

“ತೊಗೋತೀರೇನು?”

ನೀಲಾಂಬಿಕೆ ಯೋಚಿಸಿದಳು. ಅಳಿಸಿಹೋದರೆ ಮಂಜರಿ ಎನ್ನುವುದು ಒಂದು ಹೆಸರು, ಒಂದು ಫೋಟೋ, ಯಾರದೋ ಮನೆಯ ಹುಡುಗಿ. ಆಗ ತಾನು ಆ ಹುಡುಗಿಯ ತಾಯಿ ಎನ್ನುವುದು ಕಾಗದದ ಮಾತು. ಬೇಕೆಂದು ಅವಳಿಗೆ ಅನಿಸಲಿಲ್ಲ. ಆದರೆ ಜ್ವರದ ಬಾಯಿಗೆ ರುಚಿ ಇಲ್ಲದಿದ್ದರೂ ಹೊತ್ತಿಗೆ ಸರಿಯಾಗಿ ಗಂಜಿ ಕುಡಿಯುತ್ತೇವಲ್ಲ, ಹಾಗೆ, “ತಗೋಬೇಕ್ರಿ ಮೇಡಂ” ಎಂದಳು.

ಸಂಜೆ ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದಳು. ಅಡಿವೆಪ್ಪ ಡಬ್ಬಿಯನ್ನು ಎದೆಗೆ ಅವಚಿಕೊಂಡ.

“ಕೊಡೂದಿಲ್ಲ.”

“ಅದು ನಂದರಿ.”

“ನಿಂದs. ಅದಕ್ಕs ಕೊಡೂದಿಲ್ಲ. ಒಂದು ವರ್ಷ ಪೂರಾ ಈ ಮನ್ಯಾಗ ನಾ ಒಬ್ಬನs ಅತ್ತೀನಿ, ನೀಲಾ. ನೀ ಎದುರಿಗೆ ಕುಂತಿರ್ತಿದ್ದಿ, ನನಗ ಗ್ವಾಡಿ ಜೋಡಿ ಮಾತಾಡಿದಂಗ ಆಗತಿತ್ತು. ಏನ್ ತಾಯಿನೋ ಇಕಿ ಅಂತ ಬೈಕೊಂಡೀನಿ. ಈಗ ನೋಡು, ನೀ ಎಷ್ಟ ಅತ್ತಿದ್ದಿ ಅಂತ ಗೊತ್ತಾಗೇತಿ. ನನಗೀಗ ಅಳಾಕ ಒಂದು ಜೋಡಿ ಸಿಕ್ಕೈತಿ. ಅದನ್ನೂ ಕಸಗೋತೀಯೇನು?”

ಆ ಮಾತು ಕೇಳಿದರೆ ಕಲ್ಲೂ ಕರಗಬೇಕು. ನೀಲಾಂಬಿಕೆ ಕರಗಲಿಲ್ಲ. ಕರಗಬೇಕಿತ್ತು ಎಂದು ಮಾತ್ರ ಅವಳಿಗೆ ಗೊತ್ತಾಯಿತು. “ನಾಳೆ ಮುಂಜಾನೆ ಹ್ಯಾಂಗೂ ಅಳಿಸ್ತಾರ್ರಿ” ಎಂದಳು. “ಕೊಟ್ರ ನನ್ನ ಹತ್ರ ಉಳಿತೈತಿ. ಆಮ್ಯಾಲ ಇಬ್ರೂ ಕೂಡಿ ಅಳಬಹುದು.”

‘ಇಬ್ರೂ ಕೂಡಿ’ ಎಂಬ ಮಾತಿಗೆ ಅವನ ಹಿಡಿತ ಸಡಿಲಾಯಿತು. ಆಮೇಲೆ ಡಬ್ಬಿ ಚಾಚಿದ.

ಮಾಮೂಲಿ ಮರಿಯಾದರೆ ಗುಂಡಿ ಒತ್ತಿದರೆ ಸಾಕು, ದಾಟಿಹೋಗುತ್ತದೆ. ತಗಡಿನ ಮರಿಯ ರೀತಿ ಬೇರೆ. ಕೊಡುವವರ ಅಂಗೈ ‘ಕೊಟ್ಟೆ’ ಎಂದು ಹೇಳಿದ ಮೇಲೆಯೇ ಅದು ಕದಲುತ್ತದೆ. ಇಬ್ಬರೂ ಡಬ್ಬಿಗಳನ್ನು ಅಂಟಿಸಿ ಹಿಡಿದು ಕುಳಿತರು. ಪರದೆಯ ಮೇಲೆ ಅಕ್ಷರ ಮೂಡಿತು: ‘ಅಂಗೈ ಸಿಗುತ್ತಿಲ್ಲ.’

ಅಡಿವೆಪ್ಪ ಸಾಬೂನು ಹಚ್ಚಿ ಕೈ ತೊಳೆದು ಬಂದ. ಸಿಗಲಿಲ್ಲ. ಕೊಬ್ಬರಿ ಎಣ್ಣೆ ತಿಕ್ಕಿ ಬಿಸಿನೀರಿನಲ್ಲಿ ನೆನೆಹಾಕಿದ. ಸಿಗಲಿಲ್ಲ. ಬಚ್ಚಲಿನ ಉಜ್ಜುಗಲ್ಲು ತೆಗೆದುಕೊಂಡು ಅಂಗೈಯನ್ನು ಉಜ್ಜತೊಡಗಿದ. ಹೆಂಡತಿಗೆ ಕೊಡಲೊಲ್ಲೆನೆಂದು ಹಟ ಹಿಡಿದವನು ಈಗ ಕೊಡಲಿಕ್ಕಾಗಿ ಹಲ್ಲು ಕಚ್ಚಿ ಉಜ್ಜುತ್ತಿದ್ದ. ಸತ್ತ ತೊಗಲು ಪುಡಿಯಾಗಿ ಉದುರಿತು, ಕೆಳಗೆ ಮತ್ತೊಂದು ಪದರ, ಅದರ ಕೆಳಗೆ ಕೆಂಪಗೆ ರಕ್ತ.

“ಸಾಕ್ರಿ, ಬಿಡ್ರಿ” ಎಂದಳು ನೀಲಾಂಬಿಕೆ.

“ಸುಮ್ಕಿರು. ಇನ್ನೊಂದೀಟು.”

ರಕ್ತ ಒರೆಸಿ ಮತ್ತೆ ತಗಡಿಗೆ ಹಚ್ಚಿದ. ಒಳಗೆ ಗೂಬೆಮುಖದ ಕರು ಮೈ ನೆಕ್ಕಿಕೊಳ್ಳುತ್ತ ನಿಂತಿತ್ತು. ತಗಡು ಅದೇ ಮಾತನ್ನು ಮತ್ತೊಮ್ಮೆ ಬರೆಯಿತು. ಅಡಿವೆಪ್ಪ ನೆಲದ ಮೇಲೆ ಕುಳಿತು ಓಣಿಗೆಲ್ಲ ಕೇಳುವಂತೆ ಗೋಳೋ ಎಂದು ಅತ್ತ. ನೀಲಾಂಬಿಕೆ ಅವನ ಕೈಗೆ ಅರಿಷಿಣ ಮೆತ್ತಿ ಹಳೆಯ ಧೋತರದ ಚೂರು ಸುತ್ತಿದಳು. ಗಂಟು ಬಿಗಿಯಾಗಿ, ನೀಟಾಗಿ ಹಾಕಿದಳು.

ಮರುದಿನ ಅವಳು ಡಾ. ಇಂದುಮತಿಯ ಎದುರಿಗೆ ನಿಂತು, “ನಮ್ಮ ಮನಿಯವರದೊಂದು ಬಿಡ್ರಿ ಮೇಡಂ” ಎಂದಳು.

“ಹ್ಯಾಂಗ ಬಿಡೋದು ನೀಲಾಂಬಿಕಾ? ಅವರ ಮುಖ ನೋಡೀರೇನು? ಇನ್ನೆರಡು ತಿಂಗಳು ಅದು ಕೈಯಾಗ ಗುಂಯ್ ಅಂದ್ರ ಮನುಷ್ಯ ಉಳಿಯೋದಿಲ್ಲ. ಎರಡು ಮಂದಿ ದುಃಖ ಒಂದು ಎದಿಯೊಳಗ ಹಿಡಿಸ್ತದೇನು?” ಇಂದುಮತಿಯ ಕಣ್ಣುಗಳು ಕೆಂಪಾಗಿದ್ದವು. ಈ ಕೆಲಸ ಅವಳಿಗೂ ಸುಲಭದ್ದಾಗಿರಲಿಲ್ಲ. “ನಿಮ್ಮ ಕಡೆ ಆಗದಿದ್ದರ ನಾ ಒತ್ತತೇನಿ.”

“ನನ್ನ ಕೆಲಸರಿ. ನಾನs ಒತ್ತತೀನಿ” ಎಂದಳು ನೀಲಾಂಬಿಕೆ. ಹಟಕ್ಕೆ ಹೇಳಿದ ಮಾತಲ್ಲ. ಒತ್ತುವುದೂ ಒತ್ತದಿರುವುದೂ ಅವಳಿಗೆ ಒಂದೇ ಆಗಿತ್ತು.

ಒತ್ತಿದಳು. ಗೋಡೆಯ ಮೇಲಿನ ಚುಕ್ಕಿಗಳು ಓಣಿ ಓಣಿಯಾಗಿ ಆರಿದವು. ಅವರ ಓಣಿಯದೂ ಆರಿತು. ಏನಾದರೂ ಆಗುವುದೋ ಎಂದು ಅವಳು ಸ್ವಲ್ಪ ಹೊತ್ತು ಕಾದಳು. ಆಗಲಿಲ್ಲ. ಯಾರೋ ಚಹಾ ತಂದಿಟ್ಟರು. ಸಕ್ಕರೆ ಕಡಿಮೆಯಾಗಿತ್ತು, ಕುಡಿದಳು.

ಮನೆಗೆ ಬಂದಾಗ ಅಡಿವೆಪ್ಪ ರಜೆ ಹಾಕಿ ಜಗಲಿಯ ಮೇಲೆ ಕುಳಿತಿದ್ದ. ಡಬ್ಬಿ ಪಕ್ಕದಲ್ಲಿ ಬಿದ್ದಿತ್ತು, ಪರದೆಯಲ್ಲಿ ಬರೀ ಹುಲ್ಲು.

“ಹೋತು?” ಎಂದು ಕೇಳಿದ.

“ಹೋತ್ರಿ.”

“ಡಬ್ಬ್ಯಾಗಿಂದ ಹೋಗಿರಬೇಕು.” ಕಟ್ಟು ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡ. “ನನ್ನೊಳಗ ಎಷ್ಟು ಇಳದಿತ್ತೋ ಅಷ್ಟು ಐತಿ. ಇನ್ನ ಬೆಳಿಯೂದಿಲ್ಲ, ಕಡಿಮಿನೂ ಆಗೂದಿಲ್ಲ ಅನಸ್ತೈತಿ.”

ನೀಲಾಂಬಿಕೆ ಚೀಲ ಕೆಳಗಿಟ್ಟು ಅವನ ಪಕ್ಕದಲ್ಲಿ ಕುಳಿತಳು. ಎದುರಿನ ರಸ್ತೆಯಲ್ಲಿ ಶಾಲೆಯ ರಿಕ್ಷಾ ಬಂದು ಪಕ್ಕದ ಮನೆಯ ಮಕ್ಕಳನ್ನು ಇಳಿಸಿ ಹೋಯಿತು. ಅವಳು ಅತ್ತಲೇ ನೋಡುತ್ತ, “ಹ್ಯಾಂಗ ಇರ್ತೈತ್ರಿ ಅದು?” ಎಂದು ಕೇಳಿದಳು.

“ಯಾವುದು?”

“ನಂದು.”

ಅಡಿವೆಪ್ಪ ಅವಳತ್ತ ತಿರುಗಿದ. ಕೇಳಬಾರದ್ದನ್ನು ಕೇಳಿದಳೋ, ಕೇಳಬೇಕಾದ್ದನ್ನೇ ಕೇಳಿದಳೋ ಅವನಿಗೂ ತಿಳಿಯಲಿಲ್ಲ. ಮೆಲ್ಲಗೆ ಹೇಳತೊಡಗಿದ.

“ಈ ರಿಕ್ಷಾ ಬರೂ ಹೊತ್ತಿಗೆ ಕಾಲು ತಾವs ಬಾಗಲಕ್ಕ ಹೋಗತಾವು. ಹೋಗಿ ನಿಂತಮ್ಯಾಲ ಗೊತ್ತಾಗತೈತಿ, ಯಾರೂ ಬರೂದಿಲ್ಲ ಅಂತ. ಆವಾಗ ಇಲ್ಲೆ ಕೆಳಗ ಹಿಂಡಿದಂಗ ಆಗತೈತಿ.” ಹೊಟ್ಟೆಯ ಕೆಳಭಾಗವನ್ನು ಮುಟ್ಟಿ ತೋರಿಸಿದ. “ನನ್ನ ದುಃಖ ಎದ್ಯಾಗ ಇರ್ತೈತಿ. ನಿಂದು ಹಂಗಲ್ಲ. ಅಕಿ ಮಲಗಿದ್ದಳಲ್ಲ ಒಂಬತ್ತ ತಿಂಗಳು, ಅಲ್ಲಿ. ಗಂಡಸಿಗೆ ಅಲ್ಲಿ ಏನೈತಿ? ಏನೂ ಇಲ್ಲ. ನನಗ ಇಲ್ಲದ ಜಾಗಾದಾಗ ನೋಯತೈತಿ, ನೀಲಾ.”

ನೀಲಾಂಬಿಕೆ ತನ್ನ ಹೊಟ್ಟೆಯ ಮೇಲೆ ಅದೇ ಜಾಗದಲ್ಲಿ ಕೈ ಇಟ್ಟು ನೋಡಿಕೊಂಡಳು. ಸ್ವಲ್ಪ ಒತ್ತಿಯೂ ನೋಡಿದಳು. ಏನೂ ಆಗಲಿಲ್ಲ.

“ಇನ್ನೊಮ್ಮೆ ಹೇಳ್ರಿ” ಎಂದಳು.